ಶಾಲೆಯ ಹಿಂದಿನ ಬರೆ

“ಅಷ್ಟೂ ಜನಾನ ಆ ಗುಡ್ಡದ ಬುಡಕ್ಕೆ ಕರ್ಕೊಂಡೋಗಿ ಕೂರಿಸಿದ್ದು ಯಾರು?”

ಟಿ.ವಿ.ಯತ್ತ ನೋಡುತ್ತ ಕಲ್ಲೇಶಪ್ಪ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಯಾವುದೋ ದೂರದ ರಾಜ್ಯದಲ್ಲಿ ಗುಡ್ಡವೊಂದು ಅರ್ಧ ಕಳಚಿ ಬಿದ್ದಿತ್ತು. ಕಿತ್ತಳೆ ಬಣ್ಣದ ಅಂಗಿ ತೊಟ್ಟವರು ಹಗ್ಗ ಹಿಡಿದು ಕೆಸರಿನಲ್ಲಿ ನಡೆಯುತ್ತಿದ್ದರು. ಸುದ್ದಿ ಓದುವವಳು ಮಾತ್ರ ಮದುವೆಮನೆಯ ಊಟದ ಪಟ್ಟಿ ಓದಿದಷ್ಟು ಸಲೀಸಾಗಿ ಓದುತ್ತಿದ್ದಳು.

ಹೋಟೆಲಿನ ಒಲೆಯ ಹಿಂದಿದ್ದ ಗುರುಸಿದ್ದಮ್ಮ ತಮ್ಮ ಕಲ್ಲೇಶಪ್ಪನ ಮುಖ ನೋಡಿ ಸೌಟು ಕೆಳಗಿಟ್ಟಳು.

ಶನಿವಾರಸಂತೆಯಿಂದ ಸೋಮವಾರಪೇಟೆ ಕಡೆಗೆ ಹೊರಟರೆ ಸಿಗುವ ಶಾಲೆಯ ತಿರುವಿನಲ್ಲಿ ಅವಳ ತಗಡಿನ ಹೋಟೆಲು. ಇಪ್ಪತ್ತೆರಡು ವರ್ಷದಿಂದ ಅದೇ ಒಲೆ, ಅದೇ ಎರಡು ಬೆಂಚು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಒಲೆ ಹಚ್ಚಿದಳೆಂದರೆ ಮಧ್ಯಾಹ್ನದವರೆಗೂ ಅವಳ ಬಾಯಿಂದ ಬರುವುದು ‘ಸಕ್ಕರೆ ಹಾಕ್ಲಾ, ಬ್ಯಾಡ್ವಾ’ ಎಂಬ ಮಾತೊಂದೇ. ಅವಳ ಅವ್ವ ರಾಗಿ ಬೀಸುತ್ತ ವಚನ ಹೇಳಿಕೊಳ್ಳುವವಳು. ಬೀಸುವ ಕಲ್ಲಿನ ಪಕ್ಕದಲ್ಲಿ ಕೂತು, ಹಿಟ್ಟು ಉದುರಿದಂತೆ ಉದುರುವ ಮಾತನ್ನು ಕೇಳಿಯೇ ಇವಳು ಬೆಳೆದದ್ದು. ಕೇಳುವುದೂ ಒಂದು ಪೂಜೆ ಎಂಬುದು ಆಗಲೇ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹೋಟೆಲಿಗೆ ಬರುವವರ ಮಾತನ್ನೂ ಹಾಗೆಯೇ ಕೇಳುತ್ತಿದ್ದಳು, ಎಷ್ಟೋ ಸಲ ಹಲ್ಲು ಕಚ್ಚಿಕೊಂಡು.

“ಎಂತ ಮಿಲ್ಟ್ರಿ, ಸತ್ತೋರ ಸುದ್ದಿ ಸಾಕು. ಚಾನೆಲ್ ತಿರುಗ್ಸು, ಬಾರ್ಡರ್ ಕಡೆ ಎಂತಾಯ್ತು ನೋಡುವ,” ಎಂದು ಕಲ್ಲೇಶಪ್ಪನಿಗೆ ಹೇಳಿದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೋಜಪ್ಪ. “ನಮ್ಮೋರು ಒಳಗೆ ನುಗ್ಗಿಬಿಡ್ಬೇಕು ಮಾರಾಯ. ಒಂದೇ ಪೆಟ್ಟು, ಮುಗೀತು.”

“ನೀವು ನುಗ್ತೀರಾ ರೈಟರೇ? ಲೈನ್ ಮನೆ ನಾಯಿ ಬೊಗಳಿದ್ರೆ ಜೀಪಿಂದ ಕೆಳಗಿಳಿಯಲ್ಲ ನೀವು,” ಎಂದ ಕಲ್ಲೇಶಪ್ಪ.

ಬೆಂಚು ನಕ್ಕಿತು. ಬೋಜಪ್ಪನೂ ನಕ್ಕ, ಆದರೆ ಬಿಡಲಿಲ್ಲ. “ಅದಿರ್ಲಿ. ಇಪ್ಪತ್ನಾಲ್ಕು ವರ್ಷ ಸರ್ವಿಸ್ ಮಾಡಿದೀಯ. ಎಷ್ಟು ಜನಾನ ಹೊಡ್ದೆ ಅಂತ ಒಂದಿನ ಹೇಳಿದ್ಯಾ? ಇಲ್ಲ. ಕ್ಯಾಂಟೀನ್ ಬಾಟ್ಲಿನಾದ್ರೂ ತಂದ್ಕೊಟ್ಯಾ? ಅದೂ ಇಲ್ಲ. ಎಂತ ಮಿಲ್ಟ್ರಿಯಪ್ಪ ನೀನು!”

ಊರಿಗೆ ಅವನಿಂದ ಬೇಕಾಗಿದ್ದದ್ದು ಈ ಎರಡೇ. ಅವನು ಸೈನ್ಯದ ಎಂಜಿನಿಯರ್ ಪಡೆಯಲ್ಲಿ ಹವಾಲ್ದಾರನಾಗಿದ್ದವನು. ಕೋವಿಗಿಂತ ಹೆಚ್ಚು ಹಾರೆ ಹಿಡಿದವನು. ನೀರು ಕೊಚ್ಚಿಕೊಂಡು ಹೋದ ಸೇತುವೆ ಕಟ್ಟಿದ್ದು, ಕುಸಿದ ದಾರಿ ಬಿಡಿಸಿದ್ದು, ಮಣ್ಣಿನಡಿಯಿಂದ ಜನರನ್ನು ತೆಗೆದದ್ದು, ಇದೇ ಅವನ ಸರ್ವಿಸ್ಸು. ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಹೇಳಿದ್ದು ಅಕ್ಕನಿಗೊಬ್ಬಳಿಗೇ, ಅದೂ ಒಂದೇ ಸಲ.

ಉತ್ತರದ ಬೆಟ್ಟದ ಊರೊಂದರಲ್ಲಿ ಮಳೆ ಹಿಡಿದಾಗ, ಮೈಕಿನಲ್ಲಿ ಕೂಗಿ ಕೂಗಿ ಜನರನ್ನೆಲ್ಲ ಶಾಲೆಗೆ ಸೇರಿಸಿದ್ದರಂತೆ. ಶಾಲೆಯ ಹಿಂದಿನ ಗುಡ್ಡ ಶಾಲೆಯ ಮೇಲೇ ಬಂತು. “ನಾಲ್ಕನೇ ದಿನ ಅಡುಗೆಕೋಣೆ ಸಿಕ್ತು ಕಣಕ್ಕ. ಹಂಡೆ ತುಂಬ ಅನ್ನ. ಸೌಟು ಅದ್ರಲ್ಲೇ ನಿಂತಿತ್ತು. ಅನ್ನ ಹಳಸಿರ್ಲಿಲ್ಲ, ಮಣ್ಣು ಅಷ್ಟು ತಣ್ಣಗಿತ್ತು,” ಎಂದಿದ್ದ. ಅಷ್ಟು ಹೇಳಿ ಎದ್ದುಹೋಗಿ ದನಕ್ಕೆ ಹುಲ್ಲು ಹಾಕಿದ್ದ. ಆಮೇಲೆ ಎಷ್ಟೋ ದಿನ ಅವಳು ಅನ್ನದ ಪಾತ್ರೆಯಲ್ಲಿ ಸೌಟು ನಿಲ್ಲಲು ಬಿಡುತ್ತಿರಲಿಲ್ಲ.

ಈಗ ಇಲ್ಲಿ, ಹೋಟೆಲಿನ ಎದುರಿನ ಶಾಲೆಯ ಹಿಂದೆಯೂ ಗುಡ್ಡವನ್ನು ಕಡಿದಿದ್ದರು. ಮೇಲಿನ ಹೋಂಸ್ಟೇಗೆ ಕಾರು ಹತ್ತಲೆಂದು ಹೋದ ಬೇಸಿಗೆಯಲ್ಲಿ ಜೆಸಿಬಿ ತಂದು ಕಡಿದದ್ದು. ಜೆಸಿಬಿ ಪಂಚಾಯಿತಿ ಸದಸ್ಯ ಸಣ್ಣಸ್ವಾಮಿಯದು, ಹೋಂಸ್ಟೇ ಅವನ ಭಾವಮೈದನದು. ಶಾಲೆಯ ಗೋಡೆಗೆ ಹತ್ತು ಹೆಜ್ಜೆ ಬಿಟ್ಟು ತೆಂಗಿನಮರದೆತ್ತರದ ಬರೆ, ಗುಡ್ಡ ಕಡಿದುಳಿದ ಮಣ್ಣಿನ ಗೋಡೆ, ಹಸಿ ಗಾಯದ ಹಾಗೆ ಕೆಂಪಗೆ, ಬೋಳಾಗಿ ನಿಂತಿತ್ತು. ಅದರ ನೆತ್ತಿಯಲ್ಲಿ ಬಿರುಕು ಬಿಟ್ಟದ್ದನ್ನು ಮೊದಲು ಕಂಡವನು ಕಲ್ಲೇಶಪ್ಪ. ಬಿರುಕಿನ ಆಚೆಗೊಂದು ಈಚೆಗೊಂದು ಬಿದಿರಿನ ಗೂಟ ಹೊಡೆದು, ಪ್ರತಿ ಸೋಮವಾರ ಹೋಗಿ ಗೂಟದಿಂದ ಗೂಟಕ್ಕೆ ದಾರ ಹಿಡಿದು, ದಾರಕ್ಕೆ ಗಂಟು ಹಾಕಿಕೊಂಡು ಬರುತ್ತಿದ್ದ. ಆರು ವಾರದಲ್ಲಿ ಗಂಟು ನಾಲ್ಕು ಬೆರಳು ಮುಂದೆ ಹೋಯಿತು; ಬಿರುಕು ಅಷ್ಟು ಬಾಯಿ ಬಿಟ್ಟಿತ್ತು. ಬರೆಯ ಬುಡದಲ್ಲಿ ಬಿಸಿಲಿನ ದಿನವೂ ಕೆಂಪು ನೀರು ಒಸರತೊಡಗಿತು.

ಅರ್ಜಿ ಬರೆದು, ದಾರ ತೆಗೆದುಕೊಂಡು ಪಂಚಾಯಿತಿಗೆ ಹೋದ. ಸಣ್ಣಸ್ವಾಮಿ ದಾರವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ, “ಉಡಿದಾರ ಚೆನ್ನಾಗೈತೆ ಮಿಲ್ಟ್ರಿ, ಸೊಂಟಕ್ಕೆ ಕಟ್ಕೊ,” ಎಂದನಂತೆ. ಅರ್ಜಿಗೆ ಹಿಂಬರಹ ಬಂತು: ಗಮನಿಸಲಾಗಿದೆ.

ಗಮನಿಸಿದ್ದರ ಫಲ ಜೂನ್ ಮೊದಲ ವಾರ ಗೊತ್ತಾಯಿತು. ಮಳೆಗಾಲದಲ್ಲಿ ಹೊಳೆದಂಡೆಯ ಮನೆಗಳವರನ್ನೂ ಎಸ್ಟೇಟಿನ ಲೈನ್ ಮನೆಗಳ ಕೂಲಿಯವರನ್ನೂ ತಂದಿರಿಸುವ ಕಾಳಜಿ ಕೇಂದ್ರವಾಗಿ ಅದೇ ಶಾಲೆಯನ್ನು ಆರಿಸಿದ್ದರು. ಗುರುಸಿದ್ದಮ್ಮನ ಮನೆಯೂ ಹೊಳೆದಂಡೆಯದೇ. ಹಿಂದೊಂದು ಮಳೆಗೆ ಹನ್ನೊಂದು ದಿನ ಆ ಶಾಲೆಯಲ್ಲೇ ಚಾಪೆ ಹಾಸಿ ಮಲಗಿದ್ದಳು. ಆಗ ಹಿಂದೆ ಗುಡ್ಡವಿತ್ತು, ಗುಡ್ಡದ ಮೇಲೆ ಮರವಿತ್ತು.

ಆ ವಾರದ ಬುಧವಾರ ಶಾಲೆಯ ಅಂಗಳದಲ್ಲಿ, ಗುಡ್ಡ ಕುಸಿದರೆ ಏನು ಮಾಡಬೇಕೆಂದು ತೋರಿಸುವ ಮಾಕ್ ಡ್ರಿಲ್ ನಡೆಯಿತು. ಕಲ್ಲೇಶಪ್ಪನನ್ನು ಮನೆಗೇ ಬಂದು ಕರೆದುಕೊಂಡು ಹೋದರು. ಗುರುಸಿದ್ದಮ್ಮನಿಗೆ ಉಪ್ಪಿಟ್ಟು, ಕಾಫಿ ತರಲು ಹೇಳಿದ್ದರು. ಗಾಯಾಳುವಿನ ವೇಷ ರೈಟರ್ ಬೋಜಪ್ಪನದು. ತಲೆಗೆ ಬಟ್ಟೆ ಸುತ್ತಿ, ಅದರ ಮೇಲೆ ಕುಂಕುಮದ ನೀರು ಚಿಮುಕಿಸಿ, ಅವನನ್ನು ಸ್ಟ್ರೆಚರಿನಲ್ಲಿ ಹೊತ್ತು ಓಡಿದರು. “ನಿಧಾನ ಮಾರಾಯ್ರೆ, ಉಳಿಸ್ತೇವೆ ಅಂತ ಹೇಳಿ ಕೊಲ್ತೀರಾ?” ಎಂದು ಅವನು ಮಲಗಿದಲ್ಲಿಂದಲೇ ಕೂಗಿದ. ಎಲ್ಲರೂ ನಕ್ಕರು, ಎಲ್ಲರೂ ಮೊಬೈಲು ಹಿಡಿದರು. ಕುಸಿಯುವ ಬರೆಗೆ ಬೆನ್ನು ಹಾಕಿ ಕುಸಿತದ ನಾಟಕ ಆಡುತ್ತಿದ್ದರು. ಒಬ್ಬರಾದರೂ ಹಿಂತಿರುಗಿ ನೋಡಲಿಲ್ಲ. ಗುರುಸಿದ್ದಮ್ಮ ಕಾಫಿಯ ಕ್ಯಾನು ಹಿಡಿದು ಮೇಜಿನ ಪಕ್ಕದಲ್ಲೇ ನಿಂತಳು.

ಆಮೇಲೆ ಸನ್ಮಾನ. ಸಣ್ಣಸ್ವಾಮಿಯೇ ಕಲ್ಲೇಶಪ್ಪನಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟ. “ದೇಶ ಕಾಯ್ದೋರು ನಮ್ಮೂರಲ್ಲಿರೋದು ನಮ್ಮ ಪುಣ್ಯ,” ಎಂದ. ಉಡಿದಾರ ಕಟ್ಟಿಕೊ ಎಂದ ಬಾಯಿ ಅದೇ. ಕಲ್ಲೇಶಪ್ಪ ಬುಟ್ಟಿಯನ್ನು ನೆಲಕ್ಕಿಳಿಸಿ, ಪೇಟ ತೆಗೆದು ಅದರ ಮೇಲಿಟ್ಟ.

ಪಂಚಾಯಿತಿಯ ಪಿಡಿಒ ಲಿಖಿತಾ ಕಡತ ಬಿಚ್ಚಿದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗಿ. ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. “ಸರ್, ವಿಪತ್ತು ಸಮಿತೀಲಿ ಮಾಜಿ ಸೈನಿಕರು ಅಂತ ನಿಮ್ಮ ಹೆಸರಿದೆ. ಇಲ್ಲೊಂದು ಸೈನ್ ಬೇಕಿತ್ತು.”

ಅವನು ಗಟ್ಟಿಯಾಗಿಯೇ ಓದಿದ: “ಶಾಲಾ ಕಟ್ಟಡವನ್ನು ಹಾಗೂ ಸುತ್ತಲಿನ ಪ್ರದೇಶವನ್ನು ಖುದ್ದು ಪರಿಶೀಲಿಸಿದ್ದು, ಕಾಳಜಿ ಕೇಂದ್ರಕ್ಕೆ ಸುರಕ್ಷಿತವೆಂದು ಕಂಡುಬಂದಿರುತ್ತದೆ.” ತಲೆಯೆತ್ತಿ ಕೇಳಿದ, “ಯಾರಿಗೆ ಕಂಡುಬಂತು ಮೇಡಂ? ಹಿಂದ್ಗಡೆ ಹೋಗಿ ನೋಡಿದ್ರಾ?”

“ನೋಡಿದೀನಿ ಸರ್. ನಂಗೂ ಭಯ ಆಗುತ್ತೆ.” ದನಿ ತಗ್ಗಿತು. “ಆದ್ರೆ ಸಂಜೆ ಐದಕ್ಕೆ ಪಟ್ಟಿ ಅಪ್‌ಲೋಡ್ ಆಗ್ಬೇಕು. ಸದ್ಯಕ್ಕೆ ಇದಿರ್ಲಿ, ಆಮೇಲೆ ಬದಲಾಯಿಸೋಣ.”

“ಆಮೇಲೆ ಅಂದ್ರೆ? ಮಳೆ ನಿಮ್ಮನ್ನ ಕೇಳ್ಕೊಂಡು ಬರುತ್ತಾ? ಎಸ್ಟೇಟಿನ ಕಾಫಿ ಗೋದಾಮು ಮಟ್ಟದ ಜಾಗದಲ್ಲಿ ಖಾಲಿ ಬಿದ್ದೈತೆ. ಅದನ್ನ ಬರೀರಿ, ಈಗ್ಲೇ ಸೈನ್ ಹಾಕ್ತೀನಿ.”

ಎಲ್ಲರೂ ಬೋಜಪ್ಪನ ಕಡೆ ತಿರುಗಿದರು. ಅವನು ತಲೆಗೆ ಸುತ್ತಿದ ಬಟ್ಟೆ ಬಿಚ್ಚುತ್ತ, “ಓನರು ಬೀಗದ ಕೈ ಕೊಡೂದಿಲ್ಲ ಮಾರಾಯ. ಲೈನಿನೋರು ಒಮ್ಮೆ ಒಳಗೆ ಬಂದ್ರೆ ಹೊರಗೆ ಹೋಗೂದಿಲ್ಲ ಅಂತಾರೆ,” ಎಂದು ಮುಖ ತಿರುಗಿಸಿದ. ಓನರ ಕಾಫಿ ಕೊಯ್ಯುವವರು, ಓನರ ಗಿಡಕ್ಕೆ ಗೊಬ್ಬರ ಹಾಕುವವರು ಲೈನಿನವರೇ; ಓನರ ಗೋದಾಮಿನಲ್ಲಿ ಮೂಟೆಗಿರುವ ಜಾಗ ಅವರಿಗಿಲ್ಲ.

ಸಣ್ಣಸ್ವಾಮಿ ಕಲ್ಲೇಶಪ್ಪನ ಹೆಗಲ ಮೇಲೆ ಕೈಯಿಟ್ಟ. “ಒಂದು ಸೈನಿಗೆ ಇಷ್ಟೊಂದು ಯಾಕಣ್ಣ? ನೀವು ಸೈನ್ ಹಾಕಿದ್ರೆ ಜನಕ್ಕೆ ಧೈರ್ಯ. ಮಿಲ್ಟ್ರಿಯೋರೇ ನೋಡವ್ರೆ ಅಂತ ಸುಮ್ನೆ ಬರ್ತಾರೆ.” ಸ್ವಲ್ಪ ಬಾಗಿದ. “ಆಮೇಲೆ, ಅಕ್ಕನ ಹೋಟ್ಲು ಇರೋದು ರಸ್ತೆ ಜಾಗದಲ್ಲಿ. ಇಲ್ಲೀಗಂಟ ಯಾರೂ ಕೇಳಿಲ್ಲ. ಲೈಸೆನ್ಸು ಈ ತಿಂಗಳೇ ಮುಗಿಯೋದು, ಅಲ್ವಾ? ನಾನೇನೂ ಹೇಳ್ತಿಲ್ಲಪ್ಪ. ನೆನಪು ಮಾಡ್ದೆ, ಅಷ್ಟೆ.”

ಅಷ್ಟು ಹೊತ್ತೂ ಮೇಜಿನ ಮೇಲೆ ಬಿದ್ದಿದ್ದ ಪೆನ್ನನ್ನು ಕಲ್ಲೇಶಪ್ಪ ಎತ್ತಿಕೊಂಡ.

ಗುರುಸಿದ್ದಮ್ಮ ನೋಡುತ್ತಲೇ ಇದ್ದಳು. ತಮ್ಮನ ಸ್ವಂತದ ಸಲುವಾಗಿಯಾದರೆ ಈ ಕೈ ಪೆನ್ನು ಮುಟ್ಟುತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷ ರಜೆಗೆ ಬಂದು, ಅವಳಿಗೆಂದು ಆ ಹೋಟೆಲಿನ ಕಂಬ ಹೂತು ತಗಡು ಹೊಡೆದ ಕೈ ಇದು. ಆ ತಗಡಿಗಾಗಿ ಈಗ ಬಗ್ಗುತ್ತಿದೆ. ಲೈನ್ ಮನೆಯ ಹೆಂಗಸರು ಕೂಸು ಕಟ್ಟಿಕೊಂಡು, ಪಾತ್ರೆ ಹೊತ್ತುಕೊಂಡು, ಮಿಲ್ಟ್ರಿಯವರೇ ಹೇಳಿದ್ದಾರೆ ಎಂದು ಈ ಬರೆಯ ಬುಡಕ್ಕೆ ನಡೆದು ಬರುವುದು ಅವಳ ಕಣ್ಣಿಗೆ ಕಟ್ಟಿತು. ಪೆನ್ನಿನ ಮೊನೆ ಕಾಗದದ ಹತ್ತಿರ ಹೋಗಿ ನಿಂತಿತು. ಕಲ್ಲೇಶಪ್ಪ ಅಕ್ಕನತ್ತ ನೋಡಿದ.

ಸಣ್ಣಸ್ವಾಮಿಯೂ ಅವಳತ್ತಲೇ ತಿರುಗಿದ. ನಗುತ್ತಿದ್ದ. “ಅಕ್ಕ, ನೀವೇ ಒಂದ್ಮಾತು ಹೇಳಿ. ನಿಮ್ ಮಾತು ಮೀರಲ್ಲ ಅವ್ರು. ಹಾಕಪ್ಪ ತಮ್ಮ ಅಂದ್ಬಿಡಿ, ಸಾಕು.”

ಗುರುಸಿದ್ದಮ್ಮ ಕಾಫಿಯ ಕ್ಯಾನನ್ನು ಆ ಕಡತದ ಪಕ್ಕದಲ್ಲೇ ಕುಕ್ಕಿದಳು. ಮೇಜು ಅಲುಗಿತು.

“ಹೇಳಲ್ಲ,” ಎಂದಳು. ಅಂಗಳದ ಆ ತುದಿಯವರೆಗೂ ಕೇಳಿಸಿತು. “ಹೋಟ್ಲು ಕೀಳ್ತೀಯೇನೋ, ಕೀಳು. ನಿನ್ನ ಜೆಸಿಬಿ ತಂದೇ ಕೀಳು, ನಾನೇ ಹೊರಗೆ ನಿಂತ್ಕೊಂಡು ನೋಡ್ತೀನಿ. ನನ್ನ ತಮ್ಮನಿಗೆ ಇದಕ್ಕೆ ಸೈನ್ ಹಾಕು ಅಂತ ನಾನು ಹೇಳಲ್ಲ.”