ಗೋಡೆಗೆ ಹತ್ತಿದ ಹೊಸ್ತಿಲು

"ನಿಲ್ಸ್ರಪ್ಪ, ಯಾರೂ ಎತ್ತಬೇಡಿ," ಎಂದು ಪೀರಪ್ಪ ಎರಡೂ ಕೈ ಅಗಲಿಸಿ ಗಾಜಿನ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ್ದವರೆಲ್ಲ ಹಾಗೇ ನೆಟ್ಟಗಾದರು. ಹೊರಗೆ ಕಗ್ಗದಾಸಪುರದ ಇಕ್ಕಟ್ಟಾದ ರಸ್ತೆಯಲ್ಲಿ ತಮಟೆಯವರು ಆಗಲೇ ಶುರು ಹಚ್ಚಿಕೊಂಡಿದ್ದರು. ಯಾರೋ ಓಡಿಹೋಗಿ ನಿಲ್ಲಿಸಿದರು. ಒಳಗೆ, ಬೆಳ್ಳನೆಯ ನಡುಮನೆಯಲ್ಲಿ, ಚಿಕ್ಕಮುನಿಯಮ್ಮ ಸೇವಂತಿಗೆ ಗುಲಾಬಿಗಳ ಕೆಳಗೆ ಮಲಗಿದ್ದಳು. ಬದುಕಿದ್ದಾಗ ಯಾರನ್ನೂ ಇಷ್ಟು ಹೊತ್ತು ಕಾಯಿಸಿದ ಹೆಂಗಸಲ್ಲ.

"ಏನಾಯ್ತು ಚಿಕ್ಕಪ್ಪ?" ಮಗ ಆನಂದ್ ಒದ್ದೆ ಪಂಚೆಯಲ್ಲಿ ನಡುಗುತ್ತ ಕೇಳಿದ.

"ಏನಾಗ್ಬೇಕು? ನಮ್ಮತ್ತಿಗೆ ಈ ಮನೆಗೆ ಬಂದಿದ್ದು ಹೊಸ್ಲ ಮೇಲಿನ ಅಕ್ಕಿ ಸೇರು ಒದ್ದು. ಹೋಗೋದೂ ಆ ಹೊಸ್ಲು ದಾಟೇ ಹೋಗ್ಬೇಕು. ನಮ್ಮವ್ವನ್ನ ಹಂಗೇ ಕಳ್ಸಿದ್ದು, ನಮ್ಮಜ್ಜೀನೂ ಹಂಗೇ. ಇಲ್ಲಿ ಎಲ್ಲೈತೆ ಹೊಸ್ಲು?"

ಎಲ್ಲರೂ ಬಗ್ಗಿ ನೋಡಿದರು. ಬಿಳಿ ಟೈಲ್ಸಿನ ನೆಲ ಒಳಗಿಂದ ಹೊರಗಿನವರೆಗೆ ಒಂದು ಉಬ್ಬೂ ಇಲ್ಲದೆ ಹರಡಿಕೊಂಡಿತ್ತು. ಗಾಜಿನ ಬಾಗಿಲು ಜಾರಲು ನೆಲದಲ್ಲೊಂದು ಸಣ್ಣ ಗೀರು, ಅಷ್ಟೆ.

"ಹೊಸ್ಲು ಅಲ್ಲೈತೆ ನೋಡಿ ಚಿಕ್ಕಪ್ಪ," ಎಂದಳು ಸುಕನ್ಯ. ಆನಂದನ ಅಕ್ಕ, ಕಲ್ಯಾಣ ನಗರಕ್ಕೆ ಕೊಟ್ಟಿರುವ ಮಗಳು. ಅತ್ತು ಅತ್ತು ಅವಳ ದನಿ ಒಡೆದಿತ್ತು. "ಗೋಡೆಗೆ ನೇತಾಕವ್ರೆ. ಶೋಕಿಗೆ."

ಎಡಗೋಡೆಯ ಮೇಲೆ, ಸೊಂಟದ ಎತ್ತರಕ್ಕೆ, ಎರಡು ಕಬ್ಬಿಣದ ಬ್ರಾಕೆಟ್ಟುಗಳ ಮೇಲೆ ಕೂತಿತ್ತು ಆ ಹೊನ್ನೆ ಮರದ ದಪ್ಪ ಹೊಸ್ತಿಲು. ಶೆಲ್ಫ್ ಅನ್ನೋಣವೆಂದರೆ ತೀರಾ ಕೆಳಗೆ, ಕೂರೋಣವೆಂದರೆ ತೀರಾ ಮೇಲೆ. ಈ ಮನೆಗೆ ಬಂದ ನೆಂಟರೆಲ್ಲ ಒಂದಲ್ಲ ಒಂದು ಸಲ ಕೇಳಿದ್ದರು, ಇದೇನು ಇಷ್ಟು ಕೆಳಗೆ ಹೊಡೆಸಿದ್ದೀರಾ ಅಂತ. ಸೊಸೆ ಹಂಸ ನಕ್ಕು ಸುಮ್ಮನಾಗುತ್ತಿದ್ದಳು.

ಈಗ ಅವಳು ಅತ್ತೆಯ ತಲೆಯ ಬಳಿ ಕೂತು ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ನೆರೆದವರ ಕಣ್ಣೆಲ್ಲ ಅವಳ ಮೇಲೇ ಬಿತ್ತು. ಜನಕ್ಕೇನು, ಸಾವಿನ ಮನೆಯಾದರೂ ಒಬ್ಬರು ತಪ್ಪಿತಸ್ಥರು ಸಿಕ್ಕಿದರೆ ಅಷ್ಟು ಸಮಾಧಾನ.

"ಒಂದೇ ಮಾತು ಹೇಳು ಹಂಸ," ಸುಕನ್ಯ ಬಿಡಲಿಲ್ಲ. "ಅಮ್ಮನ್ನ ಒಂದು ಮಾತು ಕೇಳಿ ತೆಗ್ಸಿದ್ಯಾ ಅದನ್ನ? ವಾರ ವಾರ ಅರಿಶಿನ ಕುಂಕುಮ ಇಡ್ತಿದ್ಲಲ್ಲ, ಅವಳ ಹೊಟ್ಟೆ ಎಷ್ಟು ಉರ್ದಿರ್ಬೇಕು!"

ಬಾಗಿಲ ಬಳಿ ಹಾರ ಹಿಡಿದು ನಿಂತಿದ್ದ ಮುಕ್ತಾರ್ ತಡೆಯಲಾರದೆ ಬಾಯಿ ತೆರೆದ. ಈ ಮನೆಯ ಮರಗೆಲಸವನ್ನೆಲ್ಲ ಮಾಡಿದ್ದವನು ಅವನೇ. "ಅಕ್ಕಾ, ಅದು ಏನಂದ್ರೆ..."

"ಮುಕ್ತಾರ್ ಭಾಯ್," ಹಂಸ ತಟ್ಟನೆ ಎದ್ದಳು. "ಗಾಡೀಲಿ ಸಾಮಾನು ಇದೆಯಲ್ವಾ? ಬಿಚ್ಚಿಬಿಡಿ ಆ ಹೊಸ್ಲನ್ನ."

ಮುಕ್ತಾರ್ ಅವಳ ಮುಖ ನೋಡಿದ. ಅವಳು ಹೇಳಬೇಡ ಎಂಬಂತೆ ತಲೆಯಾಡಿಸಿದಳು.

*

ಎರಡು ವರ್ಷದ ಹಿಂದೆ ಮನೆ ಹೊಸದು ಮಾಡುವ ಮಾತು ಬಂದಾಗ ಹಂಸಳಿಗೆ ಹಿಗ್ಗೋ ಹಿಗ್ಗು. ಇಂದಿರಾನಗರದ ಟೈಲ್ಸ್ ಅಂಗಡಿಯಲ್ಲಿ ಅವಳ ಕೆಲಸವೇ ಅದು. ಯಾವ ನೆಲಕ್ಕೆ ಯಾವ ಗೋಡೆ ಒಪ್ಪುತ್ತದೆ ಎಂದು ಗಿರಾಕಿಗಳಿಗೆ ಹೇಳುವುದು. ಊರವರ ಮನೆಗೆಲ್ಲ ಹೇಳಿ ಹೇಳಿ ಕೊನೆಗೆ ತನ್ನ ಮನೆಯ ಸರದಿ ಬಂದಿತ್ತು. ಕಗ್ಗದಾಸಪುರದಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಮಾವನ ಅಪ್ಪ ಕಟ್ಟಿಸಿದ್ದ ನಡುಮನೆ ಅದು. ಗೋಡೆಗೆ ನೀಲಿ ಸುಣ್ಣ, ನೆಲಕ್ಕೆ ಕೆಂಪು ಗಾರೆ, ಹಗಲಲ್ಲೂ ದೀಪ ಬೇಕು.

"ಎಲ್ಲಾ ಬೆಳ್ಳಗೆ ಮಾಡೋಣ ಅತ್ತೆ," ಎಂದಿದ್ದಳು ಹಂಸ. "ಆದ್ರೆ ಮುಂಬಾಗ್ಲು, ಹೊಸ್ಲು ಮಾತ್ರ ಮುಟ್ಟೋದು ಬೇಡ. ಅಷ್ಟು ಬೆಳ್ಳಗಿರೋ ಕಡೆ ಕಪ್ಪಗೆ, ದಪ್ಪಗೆ ಅದೊಂದಿದ್ರೆ ಎರಡಕ್ಕೂ ಕಳೆ. ಹೊಸ ಮನೇಲಿ ಹಳೇದು ಒಂದಿರ್ಬೇಕು. ಎರಡಾದ್ರೆ ಗುಜರಿ ಅಂಗ್ಡಿ ಆಗ್ಬಿಡುತ್ತೆ."

"ಆ ಒಂದು ನಾನೇ ಇದೀನಲ್ಲೇ," ಚಿಕ್ಕಮುನಿಯಮ್ಮ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ್ದಳು. "ಕಪ್ಪಗೆ, ದಪ್ಪಗೆ."

ಆ ಹೊಸ್ತಿಲೆಂದರೆ ಅವಳ ಪ್ರಾಣ. ಮಂಗಳವಾರ, ಶುಕ್ರವಾರ ತೊಳೆದು ಅರಿಶಿನ ಬಳಿದು ಕುಂಕುಮ ಇಟ್ಟ ಮೇಲೇ ಅವಳ ಬಾಯಿಗೆ ಕಾಫಿ. ಗಂಡ ತೀರಿಹೋದಾಗ ಯಾರೋ ಮುತ್ತೈದೆಯರು, ಇನ್ನು ಇದನ್ನೆಲ್ಲ ಸೊಸೆ ಮಾಡಲಿ ಎಂದು ಬುದ್ಧಿ ಹೇಳಲು ಬಂದಿದ್ದರು. "ಸತ್ತಿದ್ದು ನನ್ನ ಗಂಡ, ಹೊಸ್ಲಿನ ಗಂಡ ಅಲ್ಲ," ಎಂದು ಅಟ್ಟಿದ್ದಳು. ಹೊಸ್ತಿಲ ಮೇಲೆ ಯಾವ ಮಗುವಾದರೂ ಕೂತಿತೋ, ಬೆನ್ನ ಮೇಲೆ ಒಂದು ಬಿತ್ತೆಂದೇ ಅರ್ಥ. ಮನೆಗೆ ದರಿದ್ರ ಬರುತ್ತದಂತೆ.

ಒಂದು ಮಧ್ಯಾಹ್ನ ಹಂಸ ಮರೆತುಹೋದ ಟೈಲ್ಸಿನ ತುಂಡು ತೆಗೆದುಕೊಂಡು ಹೋಗಲು ಮನೆಗೆ ಬಂದಳು. ಗೇಟು ತೆರೆದವಳು ಅಲ್ಲೇ ನಿಂತಳು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು. ಮಂಡಿನೋವಿಗೆಂದು ಆನಂದ್ ತಂದುಕೊಟ್ಟಿದ್ದ ವಾಕರ್ ಒಳಗಡೆ ಉಳಿದಿತ್ತು. ಅವಳು ಎರಡೂ ಕೈಯಲ್ಲಿ ಬಲಗಾಲನ್ನು ಹಿಡಿದು, ಸೌದೆ ತುಂಡು ಎತ್ತಿದ ಹಾಗೆ ಎತ್ತಿ ಆಚೆ ಇಟ್ಟಳು. ಆಮೇಲೆ ಎಡಗಾಲಿಗೆ ಕೈ ಹಾಕಿದಳು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು.

ತಲೆ ಎತ್ತಿದಾಗ ಸೊಸೆ ಕಂಡಳು.

"ನೋಡ್ಬಿಟ್ಯಾ," ಎಂದಳು. "ಹೊಸ್ಲ ಮೇಲೆ ಕೂತ್ಕೊಂಡೆ ಕಣೆ ಹಂಸ. ನಾನು. ಹೊಸ್ಲ ಮೇಲೆ," ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತುಬಿಟ್ಟಳು.

ಹೊರಗೆ ಬಾ ಎಂದು ಯಾರು ಕರೆದರೂ ಅತ್ತೆ "ಬಿಸ್ಲು ಕಣಪ್ಪ, ಯಾರು ಬರ್ತಾರೆ" ಎನ್ನುತ್ತಿದ್ದುದು ಹಂಸಳಿಗೆ ನೆನಪಾಯಿತು. ತಿಂಗಳುಗಟ್ಟಲೆ ಅದೇ ಮಾತು, ಮೋಡ ಮುಚ್ಚಿದ ದಿನವೂ. ಅವಳು ಅತ್ತೆಯ ಪಕ್ಕದಲ್ಲಿ ಕೂತು, "ರ‍್ಯಾಂಪ್ ಹಾಕಿಸ್ತೀನಿ ಅತ್ತೆ," ಎಂದಳು.

"ಅದೇನೂ ಬೇಡ. ರ‍್ಯಾಂಪ್ ಹಾಕಿದ್ರೆ ಊರಿಗೆಲ್ಲ ಗೊತ್ತಾಗುತ್ತೆ, ಮುನಿಯಮ್ಮನ ಕಾಲು ಪೂರ್ತಿ ಹೋಯ್ತು ಅಂತ. ಹೊಸ್ಲು ತೆಗ್ಸ್ಬಿಡು. ಹೆಂಗೂ ಮನೆ ಒಡೀತಿದೀರಲ್ಲ, ಅದ್ರ ಜೊತೆ ಹೋಗ್ಲಿ."

"ಅತ್ತೆ, ನಾನು ಈ ಕೋಣೆ ಪೂರ್ತಿ ಅದರ ಮೇಲೇ ಯೋಚ್ನೆ ಮಾಡಿರೋದು!"

"ಸುಕನ್ಯಂಗೆ ಮಾತ್ರ ಹೇಳ್ಬೇಡ. ಕಾಲು ಎತ್ತಕ್ಕೇ ಆಗಲ್ಲ ಅಂತ ಗೊತ್ತಾದ್ರೆ ಅವಳು ನನ್ನ ಬಿಡಲ್ಲ. ಆ ಕಲ್ಯಾಣ ನಗರದ ನಾಕನೇ ಮಹಡೀಲಿ ಕೂರ್ಸಿ, ಹಾರ್ಲಿಕ್ಸ್ ಕುಡ್ಸಿ ಸಾಯಿಸ್ತಾಳೆ. ಆನಂದಂಗೂ ಬೇಡ, ಅವನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ." ಅವಳು ಕಣ್ಣೊರೆಸಿಕೊಂಡಳು. "ಯಾರಾದ್ರೂ ಕೇಳಿದ್ರೆ ನಿನ್ನ ಮೇಲೆ ಹಾಕ್ತೀನಿ. ಸೊಸೆ ಡಿಸೈನು ಅಂತೀನಿ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ತಡ್ಕೋತೀಯಾ?"

ಹಂಸ ಆ ಹೊಸ್ತಿಲನ್ನೇ ನೋಡಿದಳು. ನಡುವೆ ಕಾಲು ಸವೆಸಿದ ಸಣ್ಣ ತಗ್ಗು. "ಹಾಕಿ ಅತ್ತೆ," ಎಂದಳು.

ಬಾಗಿಲ ಜಾಗಕ್ಕೆ ಗಾಜು ಬಂತು. ಹೊಸ್ತಿಲನ್ನು ಬಿಸಾಡಲು ಹಂಸಳಿಗೆ ಮನಸ್ಸಾಗಲಿಲ್ಲ. ಗೋಡೆಗೆ ಹಾಕಿಸೋಣ, ಟೀವಿಯ ಮೇಲೆ, ಕಣ್ಣಿಗೆ ಕಾಣುವಷ್ಟು ಎತ್ತರದಲ್ಲಿ ಎಂದು ಮುಕ್ತಾರ್‌ಗೆ ಗುರುತು ಹಾಕಿಕೊಟ್ಟಳು. ಚಿಕ್ಕಮುನಿಯಮ್ಮ ವಾಕರ್ ಹಿಡಿದು ಬಂದು ಎಡಗೋಡೆಯ ಮುಂದೆ ನಿಂತಳು. ಎಡಗೈ ವಾಕರ್ ಮೇಲೇ ಇಟ್ಟು, ಬಲಗೈಯನ್ನು ಗೋಡೆಗೆ ಚಾಚಿ, "ಇಲ್ಲಿ ಹೊಡಿಯಪ್ಪ," ಎಂದಳು.

"ಅಮ್ಮಾ, ಅಷ್ಟು ನೀಚೆ, ಅಷ್ಟು ಕೆಳಗೆ ಚೆನ್ನಾಗಿ ಕಾಣಲ್ಲ."

"ಕಾಣೋದಕ್ಕಲ್ಲ ಕಣಪ್ಪ. ಬಗ್ಗಕ್ಕಾಗಲ್ಲ ನಂಗೆ. ಅರಿಶಿನ ಇಡೋದು ಬೇಡ್ವಾ?"

*

ಮುಕ್ತಾರ್ ಕೊನೆಯ ಬೋಲ್ಟು ಬಿಚ್ಚುವಾಗ ಹಂಸ ಹೊಸ್ತಿಲಿಗೆ ಕೈ ಕೊಟ್ಟಿದ್ದಳು.

"ಹೇಳ್ಬಿಡಿ ಮೇಡಂ," ಅವನು ಪಿಸುಗುಟ್ಟಿದ. "ಅಮ್ಮ ಹೋದ್ಮೇಲೆ ಇನ್ನೇನು? ಸುಮ್ನೆ ನೀವ್ಯಾಕೆ ಬೈಸ್ಕೋತೀರಾ?"

"ಅವರು ಇರೋವಾಗ ಮುಚ್ಚಿಟ್ಟಿದ್ದನ್ನ ಹೆಣದ ಮುಂದೆ ಬಿಚ್ಚಲಾ ಭಾಯ್? ಎತ್ತಿ."

ಇಬ್ಬರೂ ಹೊತ್ತು ತಂದು ಬಾಗಿಲಿಗೆ ಅಡ್ಡ ಇಟ್ಟರು. ಇಟ್ಟ ಮೇಲೆ ಗೊತ್ತಾಯಿತು, ಹಳೆಯ ಬಾಗಿಲು ಎಷ್ಟು ಕಿರಿದಾಗಿತ್ತು ಎಂದು. ಆ ಅಗಲದ ಗಾಜಿನ ಬಾಗಿಲಿಗೆ ಹೊಸ್ತಿಲು ಅರ್ಧಕ್ಕೂ ಸಾಲಲಿಲ್ಲ. ಎರಡೂ ಕಡೆ ಬೆಳ್ಳನೆಯ ನೆಲ ಖಾಲಿ ಉಳಿಯಿತು. ಪೀರಪ್ಪ ಒಂದು ಚೊಂಬು ನೀರು ತರಿಸಿ ಅದರ ಮೇಲೆ ಹಾಕಿದ. ಕೈ ಮುಗಿದ.

"ಈಗ ಎತ್ತಿ. ಮಧ್ಯದಲ್ಲೇ ಬರ್ಬೇಕು, ಪಕ್ಕಕ್ಕೆ ಹೋಗ್ಬೇಡಿ!"

ಚಟ್ಟ ಎದ್ದಿತು. ತಮಟೆ ಮತ್ತೆ ಶುರುವಾಯಿತು. ಎರಡು ವರ್ಷದಿಂದ ಸಮತಟ್ಟು ನೆಲಕ್ಕೆ ಒಗ್ಗಿಹೋದ ಕಾಲು ಆನಂದನದು. ಮುಂದಿನ ಹೆಗಲು ಕೊಟ್ಟಿದ್ದ ಅವನು ಹೆಬ್ಬೆರಳು ಹೊಸ್ತಿಲಿಗೆ ತಾಗಿ ಮುಗ್ಗರಿಸಿದ. ಚಟ್ಟ ಒಂದು ಕಡೆ ವಾಲಿತು, ಸೇವಂತಿಗೆ ಉದುರಿತು, ಸುತ್ತಲಿನ ಕೈಗಳೆಲ್ಲ ಒಟ್ಟಿಗೆ ಚಾಚಿ ಹಿಡಿದವು.

"ನೋಡ್ಕೊಂಡು ದಾಟ್ರೋ!" ಸುಕನ್ಯ ಚೀರಿದಳು. "ಅಮ್ಮ ಬಿದ್ದಾಳು!"

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಎಲ್ಲರ ಬಾಯಿಗೂ ಬಿದ್ದಿದ್ದ ಹಂಸ ಆ ಮಾತು ಕೇಳಿ ಗೋಡೆಗೆ ಒರಗಿ ಜೋರಾಗಿ ಅತ್ತಳು. ಅವಳನ್ನು ಹಿಡಿದುಕೊಳ್ಳಲು ಯಾರೂ ಬರಲಿಲ್ಲ.

*

ಮಾತು ಕೊಟ್ಟಿದ್ದೇನೋ ಸರಿ, ಬೈಸಿಕೊಳ್ಳುವುದು ಇಷ್ಟು ಕಷ್ಟ ಎಂದು ಹಂಸಳಿಗೆ ಮೊದಲು ಗೊತ್ತಿರಲಿಲ್ಲ. ಆ ಎರಡು ವರ್ಷ ನೆಂಟರು ಬಂದಾಗಲೆಲ್ಲ ಅತ್ತೆ ಶುರುಮಾಡುವಳು. "ಏನ್ ಮಾಡೋದಮ್ಮ, ಇವಳ ಡಿಸೈನು. ಹೊಸ್ಲನ್ನೇ ಗೋಡೆ ಹತ್ತಿಸವ್ಳೆ. ನಾಳೆ ನನ್ನೂ ಹತ್ತಿಸ್ತಾಳೆ." ಬಂದವರು ಅಯ್ಯೋ ಪಾಪ ಎಂದು ಹೋಗುವರು.

"ಸ್ವಲ್ಪ ಕಮ್ಮಿ ಬೈಯ್ರಿ ಅತ್ತೆ," ಎಂದು ಒಂದು ದಿನ ಹಂಸ ಕೇಳಿಕೊಂಡಿದ್ದಳು. ಅವತ್ತು ಅವಳಿಗೆ ನಿಜವಾಗಿಯೂ ನೊಂದಿತ್ತು.

"ಕಮ್ಮಿ ಬೈದ್ರೆ ಯಾರೇ ನಂಬ್ತಾರೆ?" ಎಂದ ಚಿಕ್ಕಮುನಿಯಮ್ಮ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಸೊಸೆಯ ಗಲ್ಲ ಸವರಿ ನೆಟಿಕೆ ಮುರಿದಿದ್ದಳು. ಆಮೇಲೆ ವಾಕರ್ ತಳ್ಳಿಕೊಂಡು, ಎಲ್ಲೂ ತಡೆಯದೆ, ಸೊಪ್ಪಿನವಳ ಹತ್ತಿರ ಚೌಕಾಸಿಗೆ ಹೋಗಿದ್ದಳು.

ವಾರಕ್ಕೆರಡು ದಿನ ಹೊಸ್ತಿಲಿನ ಅರಿಶಿನ ನೀರು ಬಿಳಿ ಗೋಡೆಯ ಮೇಲೆ ಇಳಿಯುತ್ತಿತ್ತು. ಹಂಸ ಗೊಣಗಿಕೊಂಡು ಒರೆಸುತ್ತಿದ್ದಳು. ಈ ಮಂಗಳವಾರದ್ದು ಮಾತ್ರ ಒರೆಸಿರಲಿಲ್ಲ. ಬುಧವಾರ ಬೆಳಗ್ಗೆ ಅತ್ತೆ ಏಳಲೇ ಇಲ್ಲ.

*

ಗಂಡಸರು ಸ್ಮಶಾನಕ್ಕೆ ಹೋದ ಮೇಲೆ ಹೆಂಗಸರು ಮನೆ ತೊಳೆಯಲು ಎದ್ದರು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಒಂದೇ ಉರಿಯುತ್ತಿತ್ತು. ಹಂಸ ಬಕೆಟ್ಟು ತಂದು ನೆಲಕ್ಕೆ ನೀರು ಸುರಿದಳು. ಗಾಜಿನ ಬಾಗಿಲನ್ನು ಮುಚ್ಚಲು ಯಾರೋ ಎಳೆದರು. ಅದು ಹೊಸ್ತಿಲಿಗೆ ಬಡಿದು ಅಲ್ಲೇ ನಿಂತಿತು.

ಸುಕನ್ಯ ಮೂಲೆಯಲ್ಲಿ ಮಡಚಿಟ್ಟಿದ್ದ ವಾಕರನ್ನು ನೀರಿನಿಂದ ಈಚೆಗೆ ಎತ್ತಿಡಲು ಹೋದಳು. ಅದನ್ನು ಬಿಡಿಸಿದಳು. ಅಮ್ಮ ಹಿಡಿದು ಹಿಡಿದು ನುಣ್ಣಗಾದ ಹಿಡಿಕೆಗಳು. ಅವಳಿಗೆ ಬಿಡಲು ಮನಸ್ಸಾಗದೆ ಹಾಗೇ ಹಿಡಿದು ನಾಲ್ಕು ಹೆಜ್ಜೆ ನಡೆದಳು, ಅಮ್ಮ ನಡೆದ ಹಾಗೆ. ಎಡಗೋಡೆ ಎದುರಿಗೆ ಬಂತು.

ಹೊಸ್ತಿಲು ಕಿತ್ತ ಜಾಗದಲ್ಲಿ ಬೋಲ್ಟಿನ ತೂತುಗಳು. ಅವುಗಳ ಕೆಳಗೆ ಅರಿಶಿನ ಇಳಿದ ಗೆರೆಗಳು. ಪಕ್ಕದಲ್ಲಿ ಮೂರು ಬೆರಳಿನ ಹಳದಿ ಗುರುತು, ಕೈ ಜಾರಿ ಗೋಡೆಗೆ ತಾಗಿದ್ದು. ಸುಕನ್ಯ ಎಡಗೈಯಲ್ಲಿ ವಾಕರ್ ಹಿಡಿದೇ ಬಲಗೈ ಚಾಚಿದಳು. ಬಗ್ಗಬೇಕಾಗಲಿಲ್ಲ, ನಿಗುರಬೇಕಾಗಲಿಲ್ಲ. ಅವಳ ಮೂರು ಬೆರಳು ಸರಿಯಾಗಿ ಆ ಮೂರು ಗುರುತಿನ ಮೇಲೆ ಕೂತವು.

ಆಮೇಲೆ ತಿರುಗಿ ಬಾಗಿಲ ಬಳಿಯ ಹೊಸ್ತಿಲನ್ನು ನೋಡಿದಳು. ಅದರ ಎತ್ತರವನ್ನು ನೋಡಿದಳು.

"ಹಂಸ." ಈ ಸಲ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮನೆ ಒಡ್ಯೋಕೆ ಮುಂಚೆ ನಾನು ಬಂದಾಗೆಲ್ಲ ಕರೀತಿದ್ದೆ, ಕಾರಲ್ಲಿ ಒಂದು ಸುತ್ತು ಹೋಗ್ಬರೋಣ ಬಾ ಅಂತ. ಬರ್ತಿರ್ಲಿಲ್ಲ. ಅಮ್ಮಂಗೆ... ಹೊಸ್ಲು ದಾಟಕ್ಕೆ ಆಗ್ತಿರ್ಲಿಲ್ವಾ?"

ಹಂಸ ನೆಲದ ಮೇಲೆ ಕೂತು ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ.

"ಬಿಸ್ಲು ಅಂತಿದ್ರು ಅತ್ತಿಗೆ."

ಸುಕನ್ಯ ವಾಕರನ್ನು ಅಲ್ಲೇ ಬಿಟ್ಟು ಬಂದು, ಹಂಸಳ ಪಕ್ಕದಲ್ಲಿ ಒದ್ದೆ ನೆಲದ ಮೇಲೇ ಕೂತು, ಅವಳ ಕೈಯಿಂದ ಬಟ್ಟೆ ತೆಗೆದುಕೊಂಡಳು. "ನೀನು ಸ್ವಲ್ಪ ಹೊತ್ತು ಕೂತ್ಕೋ," ಎಂದಳು. ದೀಪದ ಸುತ್ತ ಒರೆಸಿದಳು, ಉದುರಿದ ಸೇವಂತಿಗೆ ಬಳಿದಳು, ಬೆಳ್ಳನೆಯ ನೆಲವನ್ನು ಎಡಗೋಡೆಯ ಬುಡದವರೆಗೂ ಒರೆಸಿಕೊಂಡು ಹೋದಳು. ಬಟ್ಟೆ ಹಿಡಿದ ಅವಳ ಕೈ ಗೋಡೆಯ ಹಳದಿಯ ತನಕ ಹೋಗಿ ನಿಂತಿತು. ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ವಾಕರನ್ನು ಆ ಗುರುತಿನ ಕೆಳಗೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.