ಗಡಿ ಅಳಿಸಿ ಬರೆದ ನಾದಿನಿ

ನನ್ನ ನಾದಿನಿ ಕಂಪ್ಯೂಟರ್ ಮುಂದೆ ಕೂತಳೆಂದರೆ ನಾನು ಆ ಕಡೆ ತಲೆ ಹಾಕುವುದಿಲ್ಲ. ಹೆಂಡತಿಯ ತಂಗಿ ಎಂದು ಸಲುಗೆ ತೋರಿಸಲು ಹೋದರೆ ಮುಖ ಮೋರೆ ನೋಡದೆ ಬೈಯುತ್ತಾಳೆ. ಆದರೆ ನಮ್ಮ ಕೃತಕ ಕಾಲಿನ ವರ್ಕ್‌ಶಾಪ್ ನಡೆಯುತ್ತಿರುವುದೇ ಅವಳಿಂದ. ನಾನು ಕೆತ್ತುವವನು. ಯಾರ ಕಾಲು ಎಷ್ಟು ದಪ್ಪ, ಎಲ್ಲಿ ಬಾಗಿದೆ ಎಂದು ತೋರಿಸುವ ಸ್ಕ್ಯಾನ್‌ಗಳೆಲ್ಲ ಅವಳ ವಶ.

ಆ ಶನಿವಾರ ಬೆಳಿಗ್ಗೆ ಬಸ್ ಕಂಡಕ್ಟರಮ್ಮ ಊರುಗೋಲನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂತಿದ್ದರು. ಕಾಯಿಲೆಗೆ ಎಡಗಾಲು ತೆಗೆಯುವ ಮೊದಲೇ ಅದರ ಸ್ಕ್ಯಾನ್ ಮಾಡಿಟ್ಟಿದ್ದೆವು. ಸೋಮವಾರ ಹೊಸ ಕಾಲಿನ ಮೇಲೆ ಡಿಪೋದಲ್ಲಿ ನಿಂತು ತೋರಿಸದಿದ್ದರೆ ಅವರನ್ನು ಬಸ್ಸಿನಿಂದ ಇಳಿಸಿ ಖಾಯಂ ಆಗಿ ಕುರ್ಚಿ ಕೆಲಸಕ್ಕೆ ಹಾಕುತ್ತಿದ್ದರು.

ಸ್ಕ್ಯಾನ್ ತೆರೆಯಲು ಹೋದರೆ ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಪ್ರೋಗ್ರಾಂ ಮುಷ್ಕರ ಹೂಡಿತು.

"ಮೊನ್ನೆ ತಾನೇ ಹಳೇ ಡಿಸ್ಕ್ ಕೊಟ್ಟು ದೊಡ್ಡದು ಹಾಕಿಸಿದ್ವಲ್ಲ!" ಎಂದು ನಾನು ರೇಗಿದೆ.

"ಸೈಟು ದೊಡ್ಡದಾಯ್ತು ಭಾವ, ಬೇಲಿ ಹಳೇ ಜಾಗದಲ್ಲೇ ಇದೆ," ಎಂದಳು ನಾದಿನಿ. "ಹಳೇ ಗಡಿ ಅಳಿಸಿ, ಅದು ಎಲ್ಲಿ ಶುರುವಾಗಿತ್ತೋ ಅಲ್ಲಿಂದ್ಲೇ ಹಿಡಿದು ಹೊಸ ಕೊನೇವರೆಗೂ ಬರೀಬೇಕು. ಒಳಗಿರೋದು ಅಲ್ಲಾಡಲ್ಲ. ಆದ್ರೆ ಶುರುವಿನ ನಂಬರ್ ತಪ್ಪಿ, ಅದು ಗೊತ್ತಾಗದೆ ಮುಂದೆ ಹೋದ್ರೆ, ಎಲ್ಲಾ ಹೋಯ್ತು."

ಸ್ಕ್ಯಾನ್‌ಗಳೆಲ್ಲ ಒಂದೇ ಮೂಟೆಯಲ್ಲಿದ್ದವು. ಪ್ರೋಗ್ರಾಂ ತೆರೆಯದೆ ಒಂದನ್ನು ಮಾತ್ರ ಹೊರಗೆ ತೆಗೆಯುವಂತಿರಲಿಲ್ಲ. ಇಡೀ ಮೂಟೆಯ ಪ್ರತಿ ಇಳಿಸಲು ಪಕ್ಕದ ಅಂಗಡಿಯಿಂದ ತಂದ ಡಿಸ್ಕ್ ಅರ್ಧದಲ್ಲೇ ಕೈಕೊಟ್ಟಿತು. ಬೇರೆ ಡಿಸ್ಕ್ ಬರುವುದು ಸೋಮವಾರ ಸಂಜೆ.

ನಾದಿನಿ ಎದ್ದು ಕಂಡಕ್ಟರಮ್ಮನ ಮುಂದೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಕಾದ್ರೆ ನಿಮ್ಮ ಬಸ್ಸು ಹೋಗತ್ತೆ. ಈಗ ಮಾಡಿ ನಾನು ಎಡವಿದ್ರೆ ನಿಮ್ಮ ಕಾಲಿನ ಸ್ಕ್ಯಾನ್ ಹೋಗತ್ತೆ. ಮತ್ತೆ ತೆಗೆಯೋಕೆ ಆ ಕಾಲಿಲ್ಲ. ನೀವೇ ಹೇಳಿ."

ಕಂಡಕ್ಟರಮ್ಮ ಗೋಡೆಗೆ ಒರಗಿಸಿದ್ದ ಊರುಗೋಲನ್ನು ಕೈಗೆ ತೆಗೆದುಕೊಂಡರು. "ಮಾಡಮ್ಮ."

"ಹಾಗಾದ್ರೆ ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ."

ಅದು ಅವಳ ಪದ್ಧತಿ. ಕೆಲಸ ಕೆಟ್ಟರೆ ಯಾರಿಗೆ ಹೆಚ್ಚು ನಷ್ಟವೋ ಅವರೇ ಪಕ್ಕದಲ್ಲಿ ಕೂತು ನಂಬರ್ ಓದಿ ಹೇಳಬೇಕು. ಇದೆಂಥ ನಾಟಕ ಎಂದು ನಾನು ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೆ.

"ಹಳೇ ಗಡಿಯ ಶುರು ಅರವತ್ತಮೂರು. ಬೇರೆ ಏನು ಬಂದ್ರೂ ನನ್ನ ಕೈ ಹಿಡೀರಿ," ಎಂದು ಹೇಳಿ ಅವಳು ಹಳೆಯ ಗಡಿ ಅಳಿಸಿದಳು. "ಅಳಿಸೇಬಿಟ್ಯಾ!" ಎಂದು ನಾನು ಕೂಗಿದೆ.

"ಡಿಸ್ಕಿಗೆ ಇನ್ನೂ ಬರೆದಿಲ್ಲ, ಬರೆಯೋವರೆಗೂ ಏನೂ ಅಳಿಯಲ್ಲ. ಉಸಿರಾಡಿ ಭಾವ."

ಹೊಸದಕ್ಕೆ ಶುರು ಎಲ್ಲಿಂದ ಎಂದು ಕೇಳುತ್ತ ಕಂಪ್ಯೂಟರ್ ತನ್ನದೇ ಒಂದು ನಂಬರನ್ನು ಮುಂದಿಟ್ಟಿತು. ನಾದಿನಿ ರೂಢಿಬಲದಿಂದ ಎಂಟರ್ ಒತ್ತಿಬಿಟ್ಟಳು. ಕೊನೆಯ ನಂಬರನ್ನೂ ಒತ್ತಿದಳು. ಬರೆಯುವ ಆಜ್ಞೆ ಕೊಡಲು ಬೆರಳೆತ್ತುವಷ್ಟರಲ್ಲಿ ಕಂಡಕ್ಟರಮ್ಮ ಅವಳ ಮಣಿಕಟ್ಟು ಹಿಡಿದರು.

"ತಾಳಮ್ಮ. ನೀನು ಅರವತ್ತಮೂರು ಅಂದಿದ್ದೆ. ಇಲ್ಲಿ ಎರಡು ಸಾವಿರ ಚಿಲ್ರೆ ಇದೆ."

ನಾದಿನಿಯ ಕಿವಿ ಕೆಂಪಾಯಿತು. "ಹೌದು, ನಂದೇ ತಪ್ಪು," ಎಂದಳು. ಅಷ್ಟೇ. ಮಾಡಿದ್ದನ್ನೆಲ್ಲ ಬಿಟ್ಟು ಹೊರಬಂದು ಮೊದಲಿನಿಂದ ಶುರುಮಾಡಿದಳು. ನಾನಾಗಿದ್ದರೆ ಕಂಪ್ಯೂಟರನ್ನು, ಕರೆಂಟನ್ನು, ಕೊನೆಗೆ ಹೆಂಡತಿಯನ್ನೂ ಬೈಯುತ್ತಿದ್ದೆ. ಇವಳು ತನ್ನ ಕೈಯೂ ತಪ್ಪಬಹುದೆಂದು ಮೊದಲೇ ತಿಳಿದು, ನಾಚಿಕೆಪಡದೆ ಕಾವಲು ಕೂರಿಸಿಕೊಂಡಿದ್ದಳು. ಅವಳನ್ನು ನೋಡಿ ನನಗೆ ನಿಜವಾಗಿ ಹೆಮ್ಮೆಯಾಯಿತು.

ಈ ಸಲ ಅರವತ್ತಮೂರು. ಒಳಗಿರುವುದರ ಹಳೆಯ ಗುರುತು ಇದೆ, ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. "ಮುಟ್ಬೇಡ," ಎಂದು ಮಗುವನ್ನು ಗದರಿಸುವಂತೆ ಹೇಳಿ ಬೇಡ ಎಂದು ಒತ್ತಿದಳು. ಕಂಡಕ್ಟರಮ್ಮ ನಂಬರನ್ನು ಎರಡೆರಡು ಸಲ ಓದಿದ ಮೇಲೆ ನಾದಿನಿ ಡಿಸ್ಕಿಗೆ ಬರೆದಳು. ಒಳಗಿನ ಜಾಗವನ್ನು ಹೊಸ ಗಡಿಯವರೆಗೆ ಹಿಗ್ಗಿಸಿ ಪ್ರೋಗ್ರಾಂ ತೆರೆದಳು.

ಪರದೆಯ ಮೇಲೆ ಒಂದು ಎಡಗಾಲು ನಿಧಾನವಾಗಿ ತಿರುಗತೊಡಗಿತು.

ಕಂಡಕ್ಟರಮ್ಮ ಮುಂದಕ್ಕೆ ಬಾಗಿ ಗಾಜಿನ ಮೇಲೆ ಕಿರುಬೆರಳಿನ ಹತ್ತಿರ ಕೈಯಿಟ್ಟರು. ಅದು ಪಕ್ಕದ ಬೆರಳಿನ ಮೇಲೆ ಹತ್ತಿ ಸೊಟ್ಟಗೆ ಕೂತಿತ್ತು. ಅಂಥದ್ದನ್ನೆಲ್ಲ ನಾನು ಕೆತ್ತುವಾಗ ಕೇಳದೆಯೇ ನೆಟ್ಟಗೆ ಮಾಡಿಬಿಡುತ್ತೇನೆ.

"ಇದನ್ನ ಸರಿ ಮಾಡ್ಬೇಡಿ," ಎಂದರು ನನ್ನ ಕಡೆ ತಿರುಗಿ. "ಇದು ನಮ್ಮಮ್ಮನ ಬೆರಳು."

ನಾನು ಸಂಜೆಯವರೆಗೆ ಕೂತು ಅದನ್ನು ಸೊಟ್ಟಗೇ ಕೆತ್ತಿದೆ.