ಗಾಜಿನ ಮೇಲೆ ಉಗುರು

ಮೊದಲು ಅದು ಮರಳಿನ ಕಾಳು ಅನ್ನಿಸಿತು. ಯಿಟ್ಕಾ ಕನ್ನಡಕ ಹಾಕಿಕೊಂಡು ಅಕ್ವೇರಿಯಂನ ಗಾಜಿಗೆ ಮೂಗು ತಾಗಿಸಿ ನೋಡಿದಳು. ಬೆನ್ನ ಮೇಲೆ ಬಿಳಿ ಚುಕ್ಕೆ, ರೆಕ್ಕೆಯ ಮೇಲೆ ಬಿಳಿ ಚುಕ್ಕೆ, ಯಾರೋ ರವೆ ಉದುರಿಸಿದ ಹಾಗೆ. ಮೀನು ಕಲ್ಲಿಗೆ ಮೈ ಉಜ್ಜಿ ಸರ್ರನೆ ತಿರುಗಿತು. ಮತ್ತೆ ಬಂದು ಉಜ್ಜಿತು.

"ಬೇಡ," ಅಂದಳು ಯಿಟ್ಕಾ. "ಈಗ ಮಾತ್ರ ಬೇಡಪ್ಪ."

ಮೀನು ಅವಳವಲ್ಲ, ಮನೆಯೂ ಅವಳದಲ್ಲ. ಎರಡೂ ಅವಳ ಅಪ್ಪ ಬೋಹುಮಿಲ್‌ನವು. ಹಾವಿರ್ಝೊವ್‌ನ ಕಲ್ಲಿದ್ದಲು ಗಣಿಯಲ್ಲಿ ದುಡಿದು ದುಡಿದು ಎದೆಯೊಳಗೆಲ್ಲ ಮಸಿ ತುಂಬಿಕೊಂಡ ಮನುಷ್ಯ ಈಗ ಆಸ್ಪತ್ರೆಯಲ್ಲಿದ್ದ. ಅಮ್ಮನನ್ನು ಸುಡುವ ದಿನ ಯಿಟ್ಕಾ ತಡವಾಗಿ ಬಂದಿದ್ದಳು. ಅವತ್ತೇ ಅಪ್ಪ ಅವಳಿಂದ ಮನೆಯ ಬೀಗದ ಕೈ ಕಿತ್ತುಕೊಂಡು ಕೆಳಗಿನ ಮಹಡಿಯ ವ್ಲಾಸ್ತಾಗೆ ಕೊಟ್ಟಿದ್ದ. ಈ ಚಳಿಗಾಲ ವ್ಲಾಸ್ತಾ ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡಳು. ಬೇರೆ ದಾರಿಯಿಲ್ಲದೆ ಬೀಗದ ಕೈ ಮಗಳ ಹತ್ತಿರ ವಾಪಸ್ ಬಂತು.

"ಮೀನು ನಾಲ್ಕಿವೆ," ಅಂದಿದ್ದ ಅಪ್ಪ, ಆಮ್ಲಜನಕದ ನಳಿಗೆಯನ್ನು ಮೂಗಿಂದ ಸರಿಸಿ. "ನಾನು ಬಂದಾಗ ನಾಲ್ಕೂ ಇರ್ಬೇಕು. ಇಲ್ದಿದ್ರೆ ಬೀಗದ ಕೈನ ಬಾಗಿಲ ಕೆಳಗೆ ತೂರಿಸಿ ಹೋಗ್ತಾ ಇರು."

ಲೋಚ್ ಮೀನುಗಳು. ಕಿತ್ತಳೆ ಮೈ, ಅಡ್ಡಕ್ಕೆ ಮೂರು ಕಪ್ಪು ಪಟ್ಟೆ, ಹುರುಪೆಯೇ ಇಲ್ಲವೇನೋ ಅನ್ನಿಸುವಂಥ ನುಣುಪು. ಎಲ್ಲಕ್ಕಿಂತ ದೊಡ್ಡದಕ್ಕೆ ಅಪ್ಪ ಮೇಸ್ತ್ರಿ ಅಂತ ಹೆಸರಿಟ್ಟಿದ್ದ. ಅದು ಯಿಟ್ಕಾಳ ಮದುವೆಗಿಂತ ಹಳೆಯದು. ತಿನ್ನುವಾಗ ಈ ಮೀನುಗಳು ಟಿಕ್ ಟಿಕ್ ಅಂತ ಸದ್ದು ಮಾಡುತ್ತವೆ. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಸೂಪ್ ಆದ ಮೇಲೆ ಅಪ್ಪ ದಿನಾ ಫೋನ್ ಮಾಡುತ್ತಿದ್ದ. ಹೇಗಿದ್ದೀಯ ಅಂತ ಕೇಳುತ್ತಿರಲಿಲ್ಲ. "ಊಟ ಹಾಕು. ಫೋನ್ ಗಾಜಿಗೆ ಹಿಡಿ," ಅನ್ನುತ್ತಿದ್ದ. ಟಿಕ್ ಕೇಳಿದ ಮೇಲೆ "ಹೂಂ" ಅಂತ ಹೇಳಿ ಫೋನ್ ಇಡುತ್ತಿದ್ದ. ಅಪ್ಪ ಮಗಳ ನಡುವೆ ಎಷ್ಟೋ ವರ್ಷದಿಂದ ಇಷ್ಟು ಮಾತೂ ಇರಲಿಲ್ಲ.

ಅಕ್ವೇರಿಯಂ ಅಂಗಡಿಯ ಹುಡುಗಿ ಹಸಿರು ಔಷಧಿಯ ಸೀಸೆ ಕೊಟ್ಟಳು. "ಬಿಳಿ ಚುಕ್ಕೆ ರೋಗ. ಹೊಸ ಮೀನು ಬಿಟ್ರಾ?"

"ಒಂದೂ ಬಿಟ್ಟಿಲ್ಲ."

"ಹಾಗಾದ್ರೆ ಎಲ್ಲಿಂದ ಬಂತು?"

"ನಂಗೇನು ಗೊತ್ತು? ಆಕಾಶದಿಂದ ಬಂತು."

ಲೋಚ್‌ಗೆ ಅರ್ಧ ಅಳತೆ ಮಾತ್ರ, ಪೂರ್ತಿ ಹಾಕಿದರೆ ಔಷಧಿಯೇ ಕೊಲ್ಲುತ್ತದೆ ಅಂದಳು ಹುಡುಗಿ. ಯಿಟ್ಕಾ ಫಿಲ್ಟರಿನ ಇದ್ದಿಲು ತೆಗೆದಳು, ಅದಿದ್ದರೆ ಔಷಧಿಯನ್ನು ಹೀರಿಬಿಡುತ್ತದೆ. ನೀರಿನ ಬಿಸಿ ನಿಧಾನಕ್ಕೆ ಮೂವತ್ತು ಡಿಗ್ರಿಗೆ ಏರಿಸಿದಳು. ಅರ್ಧ ಅಳತೆ ಎಣಿಸಿ ಹಾಕಿದಳು. ನೀರು ಹಸಿರಾಯಿತು, ಅವಳ ಬೆರಳುಗಳೂ ಹಸಿರಾದವು. ಸೂಪರ್‌ಮಾರ್ಕೆಟಿನ ಕೌಂಟರಿನಲ್ಲಿ ಕೂತಾಗ ಗಿರಾಕಿಗಳು ಆ ಬೆರಳನ್ನೇ ನೋಡುತ್ತಿದ್ದರು.

ಚುಕ್ಕೆಗಳು ಉದುರಿದವು. ಒಂದು ಬೆಳಿಗ್ಗೆ ನೋಡಿದರೆ ನಾಲ್ಕೂ ಮೀನಿನ ಮೈ ಸ್ವಚ್ಛ. ಯಿಟ್ಕಾ ಒಬ್ಬಳೇ ಅಡುಗೆಮನೆಯಲ್ಲಿ ಕುಣಿದಳು. ನೀರು ಬದಲಾಯಿಸಿ ಇದ್ದಿಲು ವಾಪಸ್ ಹಾಕಿ ಸೀಸೆಯನ್ನು ಕಸಕ್ಕೆ ಎಸೆದಳು.

ಅವಳ ಗಂಡ ರಾಡೆಕ್ ಬಾತ್‌ರೂಮಿನಿಂದ ಕೂಗಿದ, "ಅಪ್ಪನ ಮೀನು ಉಳೀತಲ್ಲ, ಇನ್ನು ನನ್ನ ಮೀನಿನ ನೀರು ಬದಲಾಯ್ಸು!"

ಅವನ ಮೀನು ಬಾತ್‌ಟಬ್ಬಿನಲ್ಲಿತ್ತು. ಕ್ರಿಸ್ಮಸ್ಸಿನ ಕಾರ್ಪ್, ತೋಳಿನಷ್ಟು ಉದ್ದ; ಆ ಊರಲ್ಲಿ ಹಬ್ಬ ಬಂದರೆ ಮನೆಮನೆಯ ಟಬ್ಬಿನಲ್ಲೂ ಒಂದು ಈಜುತ್ತಿರುತ್ತದೆ. ಅವರ ಸ್ವಂತ ಮನೆಯಲ್ಲಿ ಬಾತ್‌ಟಬ್ ಇಲ್ಲ, ಶವರ್ ಅಷ್ಟೆ. ಅಪ್ಪನ ಮೀನಿಗೆ ಚುಕ್ಕೆ ಬರುವ ಮೊದಲೇ ರಾಡೆಕ್ ಗೆಳೆಯನ ಕೆರೆಯಿಂದ ತಂದು ಮಾವನ ಬಾತ್‌ಟಬ್ಬಿಗೆ ಬಿಟ್ಟಿದ್ದ, ಕೆಸರಿನ ವಾಸನೆ ಹೋಗಲಿ ಅಂತ. ಹಬ್ಬಕ್ಕೆ ಆಸ್ಪತ್ರೆಯವರು ಅಪ್ಪನನ್ನು ಮನೆಗೆ ಬಿಡುತ್ತಾರೆ. ಹುರಿದ ಕಾರ್ಪ್, ಆಲೂಗಡ್ಡೆ ಸಲಾಡ್ ಮುಂದಿಟ್ಟು ಅಪ್ಪನ ಬಾಯಿ ತೆರೆಸಬೇಕು ಅಂತ ಯಿಟ್ಕಾ ಆಸೆಪಟ್ಟಿದ್ದಳು. ಎಂದಿನಂತೆ ಬಾಗಿಲ ಹಿಂದಿನ ನೀಲಿ ಬಕೆಟ್ ತಗೊಂಡು ಕಾರ್ಪಿನ ಕೊಳಕು ನೀರು ಹೊರಗೆ ಸುರಿದಳು. ಅದೇ ಬಕೆಟ್ಟಿನಲ್ಲಿ ಅಕ್ವೇರಿಯಂಗೂ ಹೊಸ ನೀರು ತಂದಳು. ಮನೆಯಲ್ಲಿದ್ದದ್ದೇ ಒಂದು ಬಕೆಟ್.

ವಾರ ತುಂಬುವುದರೊಳಗೆ ಚುಕ್ಕೆ ವಾಪಸ್ ಬಂತು. ಈ ಸಲ ರವೆಯಲ್ಲ, ಹಿಟ್ಟು. ಮೇಸ್ತ್ರಿಯ ಕಪ್ಪು ಪಟ್ಟೆಗಳೇ ಬೂದಿಯಾಗಿದ್ದವು. ನಾಲ್ಕೂ ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ನುಂಗುತ್ತಿದ್ದವು. ಆಸ್ಪತ್ರೆಯ ಹಾಸಿಗೆಯಲ್ಲಿ ಅಪ್ಪ ಮಾಡುವುದೂ ಅದೇ. ಯಿಟ್ಕಾಗೆ ಅದನ್ನು ನೋಡಲಾಗಲಿಲ್ಲ. ಹೊಸ ಸೀಸೆ ತಂದಳು. ಈ ಸಲ ಅರ್ಧ ಹಾಕಲಿಲ್ಲ. ಅರ್ಧ ಹಾಕಿದ್ದಕ್ಕೇ ವಾಪಸ್ ಬಂತು ಅನ್ನಿಸಿತು. ಪೂರ್ತಿ ಸುರಿದಳು. ಇದ್ದಿಲು ತೆಗೆಯುವುದು ಮಾತ್ರ ಮರೆಯಲಿಲ್ಲ.

ಮಾರನೇ ದಿನ ಮೇಸ್ತ್ರಿ ತಳದಲ್ಲಿ ಅಡ್ಡ ಮಲಗಿತ್ತು. ಲೋಚ್‌ಗಳು ಅಡ್ಡ ಮಲಗಿ ನಿದ್ದೆ ಮಾಡುವುದುಂಟು. ಯಿಟ್ಕಾ ಕಾದಳು. ಗಾಜು ತಟ್ಟಿದಳು. ಬಲೆಯ ಕೋಲಿನಿಂದ ಮುಟ್ಟಿದಳು. ನಿದ್ದೆಯಲ್ಲ. ಪಕ್ಕದ ಕಲ್ಲಿನ ಸಂದಿಯಲ್ಲಿ ಇನ್ನೊಂದೂ ಸತ್ತಿತ್ತು.

ಎರಡನ್ನೂ ಹಳೇ ಪತ್ರಿಕೆಯಲ್ಲಿ ಸುತ್ತಿ ಕೆಳಗೆ ಹೋದಳು. ವ್ಲಾಸ್ತಾ ಪ್ಲಾಸ್ಟರ್ ಕಾಲನ್ನು ಕುರ್ಚಿ ಮೇಲಿಟ್ಟುಕೊಂಡು ಬಾಗಿಲು ತೆರೆದೇ ಕೂತಿದ್ದಳು, ಯಾರು ಹೋದರು ಬಂದರು ನೋಡಲು.

"ಏನೇ ಅದು, ಸ್ಯಾಂಡ್‌ವಿಚ್ಚಾ?"

"ಮೇಸ್ತ್ರಿ."

ವ್ಲಾಸ್ತಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. "ನಾನು ಇಷ್ಟು ವರ್ಷ ನೋಡ್ಕೊಂಡೆ ಕಣೇ. ಒಂದಕ್ಕೆ ಶೀತವೂ ಆಗ್ಲಿಲ್ಲ. ನಿನ್ನ ಕೈಗೆ ಬಂತು, ಹಬ್ಬ ಮುಗಿಯೋವರೆಗೂ ತಡೀಲಿಲ್ಲ."

"ಬೈಯಿರಿ. ನೀವೂ ಬೈಯಿರಿ."

"ಬೈದು ಏನು ಬಂತು? ಅವನಿಗೆ ಹೇಳು."

"ಹೇಳಿದ್ರೆ ಅಲ್ಲೇ ಉಸಿರು ನಿಂತುಹೋಗತ್ತೆ."

"ಹೇಳ್ದಿದ್ರೆ ಇಲ್ಲಿ ಬಂದು ನಿಲ್ಲತ್ತೆ," ಅಂದಳು ವ್ಲಾಸ್ತಾ.

ಅವತ್ತೂ ಫೋನ್ ಬಂತು. "ಊಟ ಹಾಕು. ಫೋನ್ ಗಾಜಿಗೆ ಹಿಡಿ."

ಯಿಟ್ಕಾ ಊಟ ಹಾಕಿದಳು. ಉಳಿದ ಎರಡು ಮೀನು ಮೂಸಲೂ ಬರಲಿಲ್ಲ. ಹುಳುವಿನ ತುಂಡುಗಳು ಹಸಿರು ನೀರಿನಲ್ಲಿ ಸುಮ್ಮನೆ ಇಳಿದವು. ಫೋನಿನಲ್ಲಿ ಅಪ್ಪನ ಉಸಿರು ಕೇಳುತ್ತಿತ್ತು, ಕಾಯುತ್ತಿತ್ತು. ಅವಳು ಹೆಬ್ಬೆರಳಿನ ಉಗುರಿನಿಂದ ಗಾಜನ್ನು ತಟ್ಟಿದಳು. ಟಿಕ್. ಸ್ವಲ್ಪ ತಡೆದು, ಟಿಕ್ ಟಿಕ್.

"ಹೂಂ" ಬರಲಿಲ್ಲ.

"ಇನ್ನೊಂದ್ಸಲ," ಅಂದ ಅಪ್ಪ.

ಟಿಕ್.

"ಯಿಟ್ಕಾ. ಅದು ನಿನ್ನ ಉಗುರು."

ಗಣಿಯ ಛಾವಣಿ ಕುಸಿಯುವ ಮೊದಲು ಸಣ್ಣಗೆ ಸದ್ದು ಮಾಡುತ್ತದೆ. ಅದನ್ನು ಕೇಳಿಸಿಕೊಂಡವನು ಓಡುತ್ತಾನೆ, ಕೇಳಿಸದವನು ಅಲ್ಲೇ ಉಳಿಯುತ್ತಾನೆ. ಅಪ್ಪ ನಿವೃತ್ತಿಯಾಗುವವರೆಗೂ ಓಡಿ ಬದುಕಿದವನು.

"ಎಷ್ಟು ಉಳಿದಿವೆ?"

"ಎರಡು."

"ಮೇಸ್ತ್ರಿ?"

"ಇಲ್ಲಪ್ಪ."

ನಳಿಗೆಯ ಬುಸುಬುಸು ಜೋರಾಯಿತು.

"ಬಿಳಿ ಚುಕ್ಕೆನಾ?"

"ಹೂಂ. ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಹೊಸ ಮೀನು ತಂದಿಲ್ಲ, ಅಮ್ಮನಾಣೆ."

"ಅಮ್ಮನ್ನ ಬಿಡು. ಬಾತ್‌ಟಬ್ಬಲ್ಲಿ ಏನಿದೆ?"

ಯಿಟ್ಕಾ ಬಾತ್‌ರೂಮಿನ ಕಡೆ ನೋಡಿದಳು. ಕಾರ್ಪ್ ಬಾಲ ಬಡಿದ ಸದ್ದು ಅಲ್ಲಿಯವರೆಗೆ ಕೇಳಿಸಿರಲಾರದು.

"ಕಾರ್ಪ್," ಅಂದಳು.

"ನೀರು ಯಾವುದರಲ್ಲಿ ಬದಲಾಯ್ಸಿದೆ?"

"ನೀಲಿ..." ಅಂದವಳು ಅಲ್ಲಿಗೇ ನಿಂತಳು. ಬಾತ್‌ರೂಮಿಗೆ ನಡೆದು ದೀಪ ಹಾಕಿ ಬಾಗಿದಳು. ಕಾರ್ಪಿನ ರೆಕ್ಕೆಯ ಅಂಚಿನಲ್ಲಿ ನಾಲ್ಕಾರು ಬಿಳಿ ಚುಕ್ಕೆ. ಕೆರೆಯ ದಪ್ಪ ಮೀನು, ಅದಕ್ಕೆ ಅದೇನೂ ಅಲ್ಲ, ಆರಾಮಾಗಿ ಬಾಯಾಡಿಸುತ್ತಿತ್ತು.

"ಆ ಬಕೆಟ್ ನನ್ನ ಮೀನಿಂದು," ಅಂದ ಅಪ್ಪ. ಕೂಗಲಿಲ್ಲ. ಕೂಗಲು ಅವನಲ್ಲಿ ಗಾಳಿಯಿರಲಿಲ್ಲ. "ನಿಮ್ಮಮ್ಮ ಬದುಕಿದ್ದಾಗ್ಲೂ... ಅದನ್ನ ಮುಟ್ತಿರ್ಲಿಲ್ಲ. ನೀನು ಅದ್ರಲ್ಲಿ ಕಾರ್ಪ್ ತೊಳ್ದೆ."

"ನಿಂಗೋಸ್ಕರ ತಂದಿದ್ದು ಅಪ್ಪ."

"ಗೊತ್ತು. ಅದಕ್ಕೇ ಬೈಯೋಕೂ ಆಗ್ತಿಲ್ಲ. ಕೇಳು. ಅರ್ಧ ನೀರು ತೆಗಿ. ಬೇರೆ ಬಕೆಟ್ ತಗೊಂಡ್ಬಾ. ಔಷಧಿ ಅರ್ಧ ಅಳತೆ. ಮೈ ಮೇಲಿನ ಚುಕ್ಕೆಗೆ ಔಷಧಿ ತಾಗಲ್ಲ. ಅದು ಹುಳ, ಉದುರಿ ತಳಕ್ಕೆ ಬಿದ್ದು ಮರಿ ಹಾಕತ್ತೆ. ಆ ಮರಿ ನೀರಲ್ಲಿ ಈಜೋವಾಗ ಸಾಯತ್ತೆ. ಚುಕ್ಕೆ ಹೋದ್ಮೇಲೇ ಕೆಲಸ ಶುರು. ಅರ್ಥ ಆಯ್ತಾ?"

"ಚುಕ್ಕೆ ಹೋದಾಗ ನಾನು ನಿಲ್ಲಿಸ್ಬಿಟ್ಟೆ."

"ನಿಲ್ಲಿಸ್ತೀಯ," ಅಂದ ಅಪ್ಪ. "ನೀನು ಯಾವಾಗ್ಲೂ ಅಲ್ಲೇ ನಿಲ್ಲಿಸೋದು." ಫೋನ್ ಇಟ್ಟ.

ಮಾರನೇ ದಿನ ಫೋನ್ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಯಿಟ್ಕಾ ಕೆಂಪು ಬಕೆಟ್ ಕೊಂಡಳು. ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಕೊಳವೆ ಇಳಿಸಿ ತಳದ ಹೊಲಸು ಹೀರಿದಳು. ಮೂರನೆಯ ಮೀನು ಸತ್ತಿತು. ಅದನ್ನೂ ಪತ್ರಿಕೆಯಲ್ಲಿ ಸುತ್ತಿದಳು. ಉಳಿದದ್ದು ಒಂದು, ಎಲ್ಲಕ್ಕಿಂತ ಸಣ್ಣದು. ಬದುಕೀತು ಅಂತ ಯಾರೂ ನಂಬದೆ ಹೆಸರು ಕೂಡ ಇಡದಿದ್ದದ್ದು.

"ಒಂದೇ ಒಂದು ಉಳೀಲಿ," ಅಂದಳು ರಾಡೆಕ್‌ಗೆ. "ನಾಲ್ಕು ಕೇಳಲ್ಲ."

"ಮಾವ ನಾಲ್ಕು ಕೇಳ್ತಾನೆ."

"ಸಾಕು ಸುಮ್ನಿರು. ಕಾರ್ಪ್ ಏನು ಮಾಡೋದು?"

"ಹುರಿಯೋದು. ಬ್ರೆಡ್ ಪುಡಿ ಹಚ್ಚಿದ್ಮೇಲೆ ಚುಕ್ಕೆ ಯಾರಿಗೆ ಕಾಣತ್ತೆ?"

ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಆಂಬುಲೆನ್ಸ್ ಅಪ್ಪನನ್ನು ತಂದುಬಿಟ್ಟಿತು. ಕೋಟು ಬಿಚ್ಚದೆ ನೇರ ಅಕ್ವೇರಿಯಂ ಮುಂದೆ ಕುರ್ಚಿ ಎಳೆದುಕೊಂಡ. ಸಣ್ಣ ಮೀನು ಮೂಲೆಯಲ್ಲಿತ್ತು. ಮೈ ಸ್ವಚ್ಛ, ಬಾಲ ಸವೆದಿತ್ತು. ಊಟಕ್ಕೆ ಕರೆದರೆ ಬಂದ. ಕಾರ್ಪ್ ತಿಂದ, ಮುಳ್ಳು ತೆಗೆದು ಅಂಚಿಗಿಟ್ಟ. ವರ್ಷವಿಡೀ ಕೈಯಲ್ಲಿ ಕಾಸಿರಲಿ ಅಂತ ಹಬ್ಬದ ವಾಡಿಕೆಯಂತೆ ಯಿಟ್ಕಾ ತಟ್ಟೆಯ ಕೆಳಗೆ ಇಟ್ಟಿದ್ದ ಕಾರ್ಪಿನ ಹುರುಪೆಯನ್ನು ಬೆಳಕಿಗೆ ಹಿಡಿದು ನೋಡಿ ಅಲ್ಲೇ ಬಿಟ್ಟ. ಚೆನ್ನಾಗಿದೆ ಅನ್ನಲಿಲ್ಲ. ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ.

ಹಬ್ಬ ಮುಗಿದು ಆಂಬುಲೆನ್ಸ್ ವಾಪಸ್ ಬಂದಾಗ ಬೀಗದ ಕೈ ಚಪ್ಪಲಿಯ ಕಪಾಟಿನ ಮೇಲಿತ್ತು. ಯಿಟ್ಕಾ ತನ್ನ ಗೊಂಚಲಿನಿಂದ ಬಿಚ್ಚಿ ಅಲ್ಲಿಟ್ಟಿದ್ದಳು, ಅಪ್ಪ ಕೇಳುವ ಮೊದಲೇ. ಅಪ್ಪ ಗೋಡೆ ಹಿಡಿದು ಶೂ ಹಾಕಿಕೊಂಡ. ಬೀಗದ ಕೈ ನೋಡಿದ.

"ಲೋಚ್ ಒಂಟಿ ಬದುಕಲ್ಲ," ಅಂದ. "ಕೊರಗಿ ಸಾಯತ್ತೆ. ಇವತ್ತಲ್ಲ ನಾಳೆ."

"ಬೇರೆ ತರ್ಲಾ?"

"ಈ ರೋಗದ ನೀರಿಗಾ? ಬುದ್ಧಿ ಇದೆಯಾ?" ಉಸಿರು ಸಾಲದೆ ಬಾಗಿಲ ಚೌಕಟ್ಟಿಗೆ ಒರಗಿದ. ಕೆಳಗೆ ಡ್ರೈವರ್ ಹಾರ್ನ್ ಮಾಡಿದ. "ವ್ಲಾಸ್ತಾ ಕಾಲು ಇನ್ನೂ ಸರಿಹೋಗಿಲ್ಲ. ಇದಕ್ಕೆ ಊಟ ಯಾರು ಹಾಕ್ತಾರೆ?"

ಬೀಗದ ಕೈಯನ್ನು ಅವಳ ಕಡೆ ನೂಕಿದ. ಅದು ಕಪಾಟಿನ ಅಂಚಿನಿಂದ ಬೀಳುವುದರಲ್ಲಿತ್ತು, ಅವಳು ಹಿಡಿದಳು.

"ಔಷಧಿ ನಿಲ್ಲಿಸ್ಬೇಡ. ಮೈ ಎಷ್ಟೇ ಸ್ವಚ್ಛ ಕಾಣ್ಲಿ."

"ನಿಲ್ಲಿಸಲ್ಲ."

ಅವನು ಎರಡು ಮೆಟ್ಟಿಲು ಇಳಿದು ನಿಂತ. ತಿರುಗಲಿಲ್ಲ.

"ಮಧ್ಯಾಹ್ನ ಫೋನ್ ಮಾಡ್ತೀನಿ," ಅಂದ. "ಉಗುರು ಕತ್ತರಿಸ್ಕೊಂಡಿರು."